ದೇವರ ರಾಜ್ಯ ಹುಡುಕೋಕೆ ಕೆಲಸ ಬಿಡ್ಬೇಕಾ?

ಬ್ರದರ್, ಬೈಬಲ್‌ನಲ್ಲಿ ಮತ್ತಾಯ 6:33 ಓದಿ, ಮೊದಲು ದೇವರ ರಾಜ್ಯ ಹುಡುಕ್ಬೇಕು ಅಂದ್ರೆ ನಾನು ಕೆಲಸ ಬಿಟ್ಟು ಫುಲ್ ಟೈಮ್ ಚರ್ಚ್ ಸೇವೆಗೆ ಹೋಗ್ಬೇಕಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಅದೊಂದೇ ವಚನ ಓದ್ಬೇಡಿ, 25ನೇ ವಚನದಿಂದ ಓದಿ. ಅಲ್ಲಿ ಯೇಸುಸ್ವಾಮಿ ಮಾತಾಡ್ತಿರೋದು ಊಟ ಬಟ್ಟೆ ಚಿಂತೆ ಬಗ್ಗೆ, ದುಡಿಮೆ ಬಿಡಿ ಅಂತ ಅಲ್ಲ. ಯೇಸುವಿನ ಅಪೊಸ್ತಲ ಪೌಲನೂ ಕೊರಿಂಥ ಪಟ್ಟಣದಲ್ಲಿ ಗುಡಾರ ಮಾಡೋ ಕೆಲಸ ಮಾಡ್ತಾನೇ ಸುವಾರ್ತೆ ಸಾರಿದ್ದು.

ಇನ್ನೊಂದು, ರಾಜ್ಯ ಅಂದ ತಕ್ಷಣ ಸತ್ಮೇಲೆ ಹೋಗೋ ಪರಲೋಕ ಅಂತಷ್ಟೇ ಅಂದ್ಕೊಳ್ತೀವಿ, ಆದ್ರೆ ಅದು ಯಾವಾಗ ಬರುತ್ತೆ ಅಂತ ಫರಿಸಾಯರು (ಆಗಿನ ಯೆಹೂದ್ಯರಲ್ಲಿ ಒಂದು ಕಟ್ಟುನಿಟ್ಟಿನ ಪಂಗಡದವರು) ಕೇಳ್ದಾಗ ನಿಮ್ಮ ಮಧ್ಯದಲ್ಲೇ ಇದೆ ಅಂದ್ರು ಸ್ವಾಮಿ (ಲೂಕ 17:21), ಅಂದ್ರೆ ದೇವರ ಆಳ್ವಿಕೆ ಈಗಾಗ್ಲೇ ಶುರುವಾಗಿದೆ, ಪೂರ್ತಿಯಾಗೋದು ಯೇಸುಸ್ವಾಮಿ ಮತ್ತೆ ಬಂದಾಗ. ಹಾಗಾಗಿ ಆಫೀಸಲ್ಲಿ ಸುಳ್ಳು ಲೆಕ್ಕ ಬರಿ ಅಂದ್ರೆ ಆಗಲ್ಲ ಅನ್ನೋದು, ಮಾತು ಬಿಟ್ಟಿರೋ ಅಣ್ಣನ ಹತ್ರ ನೀವೇ ಮೊದ್ಲು ಹೋಗೋದು, ಇದೂ ದೇವರ ರಾಜ್ಯ ಹುಡುಕೋದೇ. ಕೆಲಸ ಬಿಡೋದಕ್ಕಿಂತ ಇದೇ ಕಷ್ಟ ಅಂತ ನನಗನ್ಸುತ್ತೆ.

ಸೇವೆಗೆ ನಿಜವಾಗ್ಲೂ ಕರೆ ಇದ್ರೆ ಅದು ಬೇರೆ ವಿಷಯ, ಪ್ರಾರ್ಥನೆ ಮಾಡಿ, ಮನೆಯವರ ಹತ್ರ, ನಿಮ್ಮ ಪಾಸ್ಟರ್ ಹತ್ರ ಕೂತು ಮಾತಾಡಿ, ಆದ್ರೆ ಈ ವಚನಕ್ಕೆ ಹೆದರ್ಕೊಂಡು ಮಾತ್ರ ರಾಜೀನಾಮೆ ಕೊಡ್ಬೇಡಿ.