ಒಂದು ಕಡೆ ಎಂ, ಪಕ್ಕದಲ್ಲೇ ಎಕ್ಸೆಲ್ ಕೂಡ ಬಿಗಿ: ಸೇಲ್ಸ್‌ನವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಆಟ ಆಡಿಸ್ತಾರೋ?

ಎರಡೂ ಇದೆ. ಆದರೆ ಗೊತ್ತಿಲ್ಲದ ಪಾಲೇ ಜಾಸ್ತಿ.

ನೀವು ಬರೆದಿರೋದು ಇಷ್ಟು: ಕೋರಮಂಗಲದ ಮಾಲ್‌ನಲ್ಲಿ ಒಂದು ಬ್ರ್ಯಾಂಡಿನ ಎಂ ಕುರ್ತಿ ಸಲೀಸಾಗಿ ಆಯ್ತು, ಅದೇ ಫ್ಲೋರ್‌ನಲ್ಲಿ ಇನ್ನೊಂದು ಬ್ರ್ಯಾಂಡಿನ ಎಕ್ಸೆಲ್ ತೋಳಲ್ಲೇ ಸಿಕ್ಕಿಕೊಳ್ತು, ಯಾಕೆ ಅಂತ ಕೇಳಿದ್ದಕ್ಕೆ ಸೇಲ್ಸ್ ಹುಡುಗಿ "ನೀವು ಸ್ವಲ್ಪ ದಪ್ಪ ಆಗಿದೀರೇನೋ ಮೇಡಂ" ಅಂದಳು, ಮ್ಯಾನೇಜರ್‌ಗೆ ದೂರು ಕೊಡಲಾ ಅಂತ. ಒಂದು ಕೌಂಟರ್‌ನಿಂದ ಇನ್ನೊಂದು ಕೌಂಟರ್‌ಗೆ ಹೋಗೋಷ್ಟರಲ್ಲಿ ಯಾರೂ ದಪ್ಪ ಆಗಲ್ಲ. ಅದು ಆ ಹುಡುಗಿಗೂ ಗೊತ್ತು. ಅವಳಿಗೆ ಗೊತ್ತಿಲ್ಲದಿರೋದು ಆ ಎರಡು ಬಟ್ಟೆಗಳ ಅಳತೆ.

ನಾನು ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿ ಇದ್ದವಳು. ಬೆಳಗ್ಗೆಯಿಂದ ಸಂಜೆವರೆಗೆ ಕುತ್ತಿಗೆಗೆ ಟೇಪು, ಮುಂದೆ ಒಂದು ಟೇಬಲ್ಲು, ಅದರ ಮೇಲೆ ಬಟ್ಟೆಯ ರಾಶಿ. ಹಾಗಾಗಿ ಮೊದಲು ಬಟ್ಟೆಯ ಕಡೆಯಿಂದಲೇ ಹೇಳ್ತೀನಿ, ಅಂಗಡಿಗೆ ಆಮೇಲೆ ಬರೋಣ.

ಪ್ರತಿ ಆರ್ಡರ್ ಜೊತೆ ಬಯರ್, ಅಂದರೆ ನಮ್ಮ ಹತ್ತಿರ ಬಟ್ಟೆ ಹೊಲಿಸಿಕೊಳ್ಳೋ ಕಂಪನಿ, ಕಡೆಯಿಂದ ಒಂದು ಸ್ಪೆಕ್ ಶೀಟ್ ಬರುತ್ತೆ. ಎದೆ ಇಷ್ಟು, ಭುಜ ಇಷ್ಟು, ಉದ್ದ ಇಷ್ಟು, ತೋಳಿನ ಸುತ್ತು ಇಷ್ಟು, ಒಂದೊಂದರಲ್ಲೂ ಎಷ್ಟು ಆಚೀಚೆ ಆದರೆ ನಡೆಯುತ್ತೆ ಅಂತ ಅದರಲ್ಲಿ ಇರುತ್ತೆ. ಆ ಆಚೀಚೆಗೆ ಟಾಲರೆನ್ಸ್ ಅಂತೀವಿ. ಎಂ ಅಂದರೆ ಜಗತ್ತಿಗೆಲ್ಲ ಇಷ್ಟು ಇಂಚು ಅಂತ ಯಾವ ಶೀಟೂ ಹೇಳಲ್ಲ. ಈ ಬಯರ್‌ನ ಎಂ ಇಷ್ಟು, ಅಷ್ಟೇ. ಒಂದು ಲೈನಿನಲ್ಲಿ ಎಂ ಲೇಬಲ್ ಹಚ್ಚಿಸಿಕೊಳ್ತಿದ್ದ ಅಳತೆಗೇ ಪಕ್ಕದ ಲೈನಿನಲ್ಲಿ ಎಲ್ ಲೇಬಲ್ ಬೀಳ್ತಿತ್ತು. ಹೊಲಿಯೋ ಹೆಂಗಸರಿಗೆ ಅದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ, ಅಂಗಡಿಗೆ ಹೋದ ಮೇಲೆ ಆಶ್ಚರ್ಯ ಪಡೋದು ನಾವು.

ಆ ಅಳತೆ ಹುಟ್ಟೋದು ಹೇಗೆ ಅಂದರೆ, ಕಂಪನಿಯವರು ತಮ್ಮ ಗಿರಾಕಿ ಹೀಗಿರ್ತಾಳೆ ಅಂತ ಅಂದುಕೊಂಡು ಒಬ್ಬ ಮಾಡೆಲ್‌ನ ಮೈಗೆ ಒಂದು ಸೈಜ್ ಕೂರಿಸ್ತಾರೆ. ಅದು ಒಪ್ಪಿಗೆ ಆದ ಮೇಲೆ ಪ್ಯಾಟರ್ನ್ ಅನ್ನ, ಅಂದರೆ ಬಟ್ಟೆ ಕೊಯ್ಯೋ ನಕ್ಷೆಯನ್ನ, ಒಂದು ಲೆಕ್ಕದ ಪ್ರಕಾರ ಹಿಗ್ಗಿಸಿ ಕುಗ್ಗಿಸಿ ಮಿಕ್ಕ ಸೈಜ್ ಮಾಡ್ತಾರೆ. ಗ್ರೇಡಿಂಗ್ ಅನ್ನೋದು ಇದಕ್ಕೇ. ಮನುಷ್ಯರ ಮೈ ಆ ಲೆಕ್ಕದಲ್ಲಿ ಬೆಳೆಯಲ್ಲ. ಎದೆ ಎರಡು ಇಂಚು ಹೆಚ್ಚಾದವಳ ತೋಳು ಎಷ್ಟು ಹೆಚ್ಚಾಗುತ್ತೆ ಅಂತ ಯಾವ ಕಂಪ್ಯೂಟರ್ ಹೇಳುತ್ತೆ? ನಿಮ್ಮ ಎಕ್ಸೆಲ್ ಎದೆ ಹತ್ತಿರ ಹಿಡಿಯಲಿಲ್ಲ, ತೋಳಲ್ಲಿ ಸಿಕ್ಕಿಕೊಳ್ತು ಅಂದಿರಲ್ಲ, ನನ್ನ ಪ್ರಕಾರ ಕಾರಣ ಇಲ್ಲೇ ಇದೆ. ಸಣ್ಣ ತೋಳಿನ ಮಾಡೆಲ್ ಮೇಲೆ ಕೂರಿಸಿದ ಪ್ಯಾಟರ್ನ್ ಅದು.

ಇನ್ನೊಂದು ವಿಷಯ ಅಂಗಡಿಯವರು ಯಾರೂ ಹೇಳಲ್ಲ. ಒಂದೇ ಬ್ರ್ಯಾಂಡ್, ಒಂದೇ ಸ್ಟೈಲ್, ಒಂದೇ ಸೈಜಿನ ಎರಡು ಪೀಸ್ ಕೂಡ ಒಂದೇ ಅಳತೆ ಇರಬೇಕು ಅಂತಿಲ್ಲ. ಕಟಿಂಗ್ ಸೆಕ್ಷನ್‌ನಲ್ಲಿ ಬಟ್ಟೆಯನ್ನ ಪದರದ ಮೇಲೆ ಪದರ ಹಾಸಿ, ಮೇಲೆ ಮಾರ್ಕರ್, ಅಂದರೆ ಪೀಸ್‌ಗಳ ಆಕಾರ ಬರೆದ ಕಾಗದ, ಇಟ್ಟು, ಎಲೆಕ್ಟ್ರಿಕ್ ಚಾಕುವಿನಲ್ಲಿ ಒಟ್ಟಿಗೆ ಕೊಯ್ತಾರೆ. ಹಾಸು ಎತ್ತರ ಆದಷ್ಟೂ ಚಾಕು ಸ್ವಲ್ಪ ವಾಲುತ್ತೆ. ಮೇಲಿನ ಪದರದ ಪೀಸೇ ಬೇರೆ, ತಳದ ಪದರದ ಪೀಸೇ ಬೇರೆ. ಟೀ ಶರ್ಟಿನ ಹೆಣೆದ ಬಟ್ಟೆಯಾದರೆ ಹಾಸುವಾಗ ಎಳೆದಿದ್ದು ಕೊಯ್ದ ಮೇಲೆ ಸೇದಿಕೊಳ್ಳುತ್ತೆ. ಆಮೇಲೆ ಹೊಲಿಗೆಯಲ್ಲಿ ಒಂದು ನೂಲು ಆಚೆ, ಒಂದು ನೂಲು ಈಚೆ. ಎದೆ ಸುತ್ತಳತೆಯಲ್ಲಿ ಅರ್ಧ ಇಂಚು ಹೆಚ್ಚು, ಅರ್ಧ ಇಂಚು ಕಡಿಮೆ ನಮ್ಮಲ್ಲಿ ಪಾಸ್. ಈಗ ಲೆಕ್ಕ ಹಾಕಿ: ಎಂ 38 ಇಂಚು, ಎಲ್ 40 ಇಂಚು ಅಂತ ಇದ್ದರೆ, 38.5ರ ಎಂ ಪಾಸು, 39.5ರ ಎಲ್ ಕೂಡ ಪಾಸು. ಎರಡು ಸೈಜಿನ ನಡುವೆ ಉಳಿದದ್ದು ಒಂದೇ ಇಂಚು. ಅದಕ್ಕೇ ಒಂದು ಪೀಸ್ ಬಿಗಿ ಅನ್ನಿಸಿದರೆ ಅದೇ ಸೈಜಿನ ಇನ್ನೊಂದು ಪೀಸ್ ಹಾಕಿ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಜನ ನಗ್ತಾರೆ, ಆಮೇಲೆ ಬಂದು "ಹೌದು ಕಣೇ" ಅಂತಾರೆ.

ಗಂಡಸರ ಬಟ್ಟೆಯಲ್ಲಾದರೂ ನಂಬರ್ ಇರುತ್ತೆ, ಅವರಿಗೆ ಈ ಗೋಳಿಲ್ಲ ಅಂದ್ಕೋಬೇಡಿ. ನಮ್ಮ ಯಜಮಾನರಿಗೆ ಬನಿಯನ್ 95, ಫಾರ್ಮಲ್ ಶರ್ಟು 40, ಪ್ಯಾಂಟು 34. ಬನಿಯನ್ನಿನ 95 ಎದೆಯ ಸೆಂಟಿಮೀಟರ್. ಪ್ಯಾಂಟಿನ 34 ಸೊಂಟದ ಇಂಚು, ಅದೂ ಹೆಸರಿಗೆ. ಶರ್ಟಿನ 40 ಏನು ಅಂತ ಯಾವ ಅಂಗಡಿಯಲ್ಲಾದರೂ ಕೇಳಿ ನೋಡಿ. "ಚೆಸ್ಟ್ ಸಾರ್" ಅಂತಾರೆ. ಎಷ್ಟೋ ಫಾರ್ಮಲ್ ಶರ್ಟುಗಳಲ್ಲಿ ಅದು ಕಾಲರಿನ ಸೆಂಟಿಮೀಟರ್, ಅಂದರೆ ಕುತ್ತಿಗೆ ಸುತ್ತು ಸುಮಾರು ಹದಿನೈದೂ ಮುಕ್ಕಾಲು ಇಂಚು. ಆದರೆ ಅದೇ ಅಂಗಡಿಯ ಬ್ಲೇಜರ್‌ನ 40 ಎದೆಯ ಇಂಚು. ಶರ್ಟಿನ ರ‍್ಯಾಕ್‌ನಲ್ಲಿ 39 ಅಂತ ಒಂದು ನಂಬರ್ ಕಂಡರೆ ಅದು ಕಾಲರ್ ಲೆಕ್ಕ ಅಂತ ತಿಳ್ಕೊಳ್ಳಿ, ಎದೆಯ ಲೆಕ್ಕದವು 38, 40, 42 ಹೀಗೆ ಸಮ ಸಂಖ್ಯೆಯಲ್ಲೇ ಹೋಗ್ತವೆ.

ಕಮರ್ಷಿಯಲ್ ಸ್ಟ್ರೀಟ್ ಕಡೆ ಸಿಗೋ ಎಕ್ಸ್‌ಪೋರ್ಟ್ ಸರ್ಪ್ಲಸ್ ಮಾಲಂತೂ ಇನ್ನೊಂದು ಲೋಕ. ಅಮೆರಿಕದ 8, ಬ್ರಿಟನ್ನಿನ 12, ಯುರೋಪಿನ 40 ಹೆಚ್ಚುಕಡಿಮೆ ಒಂದೇ ಬಟ್ಟೆ. ಲೇಬಲ್ ಅರ್ಧ ಕತ್ತರಿಸಿ ಬರೀ ನಂಬರ್ ಉಳಿದಿದ್ದರೆ ಅದು ಯಾವ ದೇಶದ್ದು ಅಂತ ಹೊಲಿದವರೇ ಹೇಳಬೇಕು.

ಈಗ ಅಂಗಡಿಗೆ ಬರೋಣ. ದೊಡ್ಡ ಅಂಗಡಿಗಳಲ್ಲಿ, ಹಲವು ಬ್ರ್ಯಾಂಡ್ ಒಂದೇ ಕಡೆ ಮಾರೋ ಜಾಗದಲ್ಲಿ, ಕೌಂಟರ್‌ನಲ್ಲಿ ನಿಂತಿರೋ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಆ ಅಂಗಡಿಯ ಕೆಲಸದವರೇ ಅಲ್ಲ. ಒಂದೊಂದು ಬ್ರ್ಯಾಂಡು ತನ್ನವರನ್ನ ನಿಲ್ಲಿಸಿರುತ್ತೆ. ಅವರಿಗೆ ತಮ್ಮ ಬ್ರ್ಯಾಂಡಿನ ಆಫರ್ ಗೊತ್ತು, ಇವತ್ತಿನ ಟಾರ್ಗೆಟ್ ಗೊತ್ತು. ಪಕ್ಕದ ರ‍್ಯಾಕ್‌ನ ಎಂ ತಮ್ಮ ಎಂಗಿಂತ ದೊಡ್ಡದೋ ಚಿಕ್ಕದೋ ಅನ್ನೋದು ಅವರ ತಲೆಬಿಸಿ ಅಲ್ಲ, ಯಾರೂ ಹೇಳಿಕೊಟ್ಟೂ ಇರಲ್ಲ. ಟೇಪು ಕೂಡ ಕೊಟ್ಟಿರಲ್ಲ. ದಿನಪೂರ್ತಿ ನಿಂತೇ ಇರಬೇಕು. ಸೇಲ್ಸ್‌ನವರಿಗೆ ಕೂರೋಕೆ ಜಾಗ ಕೊಡಿ ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಬೇಕಾಯ್ತು ಅಂದರೆ ಪರಿಸ್ಥಿತಿ ಹೇಗಿರುತ್ತೆ ಅಂತ ಊಹಿಸಿ.

ಹಾಗಂತ ಅವರದ್ದು ಏನೂ ತಪ್ಪಿಲ್ಲ ಅಂತ ಪೂರ್ತಿ ಬಿಟ್ಟುಬಿಡೋ ಮನಸ್ಸು ನನಗಿಲ್ಲ. ಒಂದೇ ಬಾಯಲ್ಲಿ, ಬಟ್ಟೆ ಬಿಗಿ ಇದ್ದರೆ "ತೊಳೆದ ಮೇಲೆ ಲೂಸ್ ಆಗುತ್ತೆ" ಅಂತಾರೆ, ಬಟ್ಟೆ ದೊಗಲೆ ಇದ್ದರೆ "ತೊಳೆದ ಮೇಲೆ ಕೂತ್ಕೊಳ್ಳುತ್ತೆ" ಅಂತಾರೆ. ಹತ್ತಿ ಬಟ್ಟೆ ತೊಳೆದಾಗ ಸೇದಿಕೊಳ್ಳುತ್ತೆ. ಬಿಗಿಯಾದ ಹತ್ತಿ ಕುರ್ತಿ ತೊಳೆದ ಮೇಲೆ ಅಗಲ ಆಗುತ್ತೆ ಅನ್ನೋದು ಸ್ಟಾಕ್ ಖಾಲಿ ಮಾಡೋ ಮಾತು. ನಿಮ್ಮ ಸೈಜ್ ಇಲ್ಲ ಅನ್ನೋ ಬದಲು ಇರೋದನ್ನೇ ನಿಮ್ಮ ಸೈಜ್ ಅಂತ ಒಪ್ಪಿಸೋದು, ಇದೇ ನೀವು ಹೇಳಿದ "ಆಟ".

ನನ್ನ ನಾದಿನಿ ಜೊತೆ ಜಯನಗರ 4ನೇ ಬ್ಲಾಕ್ ಹತ್ತಿರ ಒಂದು ಅಂಗಡಿಗೆ ಹೋಗಿದ್ವಿ. ಎರಡು ಕುರ್ತಿ, ಎರಡೂ ಎಲ್, ಬೇರೆ ಬೇರೆ ಬ್ರ್ಯಾಂಡು. ಒಂದು ಆಯ್ತು, ಒಂದು ಆಗಲಿಲ್ಲ. ಹುಡುಗಿ ಸುತ್ತಲಿದ್ದವರಿಗೂ ಕೇಳೋ ಹಾಗೆ, "ಮೇಡಂಗೆ ಪ್ಲಸ್ ಸೈಜ್ ಬೇಕಾಗುತ್ತೆ, ಮೇಲಿನ ಫ್ಲೋರ್" ಅಂದಳು. ನಾದಿನಿ ಮುಖ ಸಣ್ಣದಾಯ್ತು. ನಾನು ಬ್ಯಾಗಿಂದ ಟೇಪು ತೆಗೆದು ಎರಡನ್ನೂ ಕೌಂಟರ್ ಮೇಲೆ ಹಾಸಿ, ಗುಂಡಿ ಹಾಕಿ, ಸುಕ್ಕು ತೀಡಿ, ಕಂಕುಳಿಂದ ಕಂಕುಳಿಗೆ ಹಿಡಿದೆ. ಒಂದು 21 ಇಂಚು, ಇನ್ನೊಂದು ಹತ್ತೊಂಬತ್ತೂವರೆ. ಸುತ್ತಳತೆಗೆ ಎರಡರಿಂದ ಗುಣಿಸಿದರೆ ಮೂರು ಇಂಚಿನ ಅಂತರ.

"ನೋಡಮ್ಮ, ಇವಳು ದಪ್ಪ ಅಲ್ಲ, ನಿನ್ನ ಎಲ್ ತೆಳ್ಳಗಿದೆ" ಅಂದೆ.

ಹುಡುಗಿ ಬಗ್ಗಿ ಟೇಪಿನ ನಂಬರ್ ಓದಿದಳು. "ಹೌದಲ್ವಾ ಆಂಟಿ" ಅಂದಳು. ನಿಜವಾಗಿಯೂ ಅವಳಿಗೆ ಅವತ್ತೇ ಗೊತ್ತಾಗಿದ್ದು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, "ಮೇಡಂ, ಇಲ್ಲಿ ಹಾಗೆಲ್ಲ ಅಳೆಯೋ ಹಾಗಿಲ್ಲ" ಅಂದ. ಯಾವ ಕಾನೂನಪ್ಪ ಅದು ಅಂತ ಕೇಳಿದ್ದಕ್ಕೆ ಎಸಿ ಕಡೆ ನೋಡಿದ.

ಕಾನೂನು ಇರೋದು ಬೇರೆ ಥರ. 2022ರಲ್ಲಿ ಕೇಂದ್ರದವರು ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಕ್ಕೆ, ಅಂದರೆ ಮಾಲಿನ ಲೇಬಲ್ ಮೇಲೆ ಏನೇನು ಬರೆದಿರಬೇಕು ಅನ್ನೋ ನಿಯಮಕ್ಕೆ, ತಿದ್ದುಪಡಿ ತಂದು, ಬಿಡಿಯಾಗಿ ಮಾರೋ ಸಿದ್ಧ ಉಡುಪಿಗೆ ಎಷ್ಟೋ ವಿವರಗಳಿಂದ ವಿನಾಯಿತಿ ಕೊಟ್ಟರು. ಸೈಜ್ ಮಾತ್ರ ಬಿಡಲಿಲ್ಲ. ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರ್‌ನಲ್ಲೋ ಮೀಟರ್‌ನಲ್ಲೋ ಅಳತೆ ಇರಬೇಕು, ಎಂಆರ್‌ಪಿ ಇರಬೇಕು, ಗ್ರಾಹಕ ಸೇವೆಯ ಫೋನು, ಇಮೇಲ್ ಇರಬೇಕು. ಟ್ಯಾಗ್ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ 97 ಸೆಂ.ಮೀ., 102 ಸೆಂ.ಮೀ. ಅಂತ ಇರುತ್ತೆ. ತೊಂದರೆ ಏನಂದರೆ ಅದು ನಿಮ್ಮ ಎದೆಯ ಅಳತೆಯೋ ಬಟ್ಟೆಯ ಅಳತೆಯೋ ಅಂತ ಎಷ್ಟೋ ಟ್ಯಾಗ್‌ಗಳಲ್ಲಿ ಬರೆದಿರಲ್ಲ. ಎದೆ 40 ಇಂಚಿನವರಿಗೆ ಹೊಲಿದ ರೆಗ್ಯುಲರ್ ಶರ್ಟು 44, 45 ಇಂಚು ಇರುತ್ತೆ, ಸ್ಲಿಮ್ ಫಿಟ್ ಆದರೆ ಅದಕ್ಕಿಂತ ಕಡಿಮೆ. ಎರಡನ್ನೂ ಒಂದೇ ಅಂದ್ಕೊಂಡರೆ ಕೆಟ್ಟಿರಿ.

ಎಲ್ಲರಿಗೂ ಒಂದೇ ಸೈಜ್ ಚಾರ್ಟ್ ಯಾಕೆ ಮಾಡಲ್ಲ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಕೇಳಿದ್ದಾರೆ. ಅಮೆರಿಕದವರು ಮಾಡಿ ನೋಡಿದರು. 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಮೈ ಅಳೆಸಿತು, 1958ರಲ್ಲಿ ಒಂದು ಸ್ಟ್ಯಾಂಡರ್ಡ್ ಬಂತು, 1983ರಲ್ಲಿ ಅದನ್ನ ಕೈಬಿಟ್ಟರು. ಅಷ್ಟರಲ್ಲಿ ಕಂಪನಿಗಳಿಗೆ ಇನ್ನೊಂದು ಉಪಾಯ ಹೊಳೆದಿತ್ತು: ದೊಡ್ಡ ಬಟ್ಟೆಗೆ ಚಿಕ್ಕ ನಂಬರ್ ಹಚ್ಚಿದರೆ ಗಿರಾಕಿ ಖುಷಿಯಾಗಿ ತಗೊಳ್ತಾರೆ. ಇಲ್ಲೂ ಅದು ನಡೀತಿದೆ. 34 ಅಂತ ಬರೆದ ಪ್ಯಾಂಟಿನ ಸೊಂಟ ಅಳೆದು ನೋಡಿ, 35ಕ್ಕೆ ಕಡಿಮೆ ಬಂದರೆ ಹೇಳಿ. ನಮ್ಮಲ್ಲಿ ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಜವಳಿ ಸಚಿವಾಲಯದ ಜೊತೆ ಇಂಡಿಯಾಸೈಜ್ ಅಂತ ಒಂದು ಯೋಜನೆ ತಗೊಂಡರು. ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಜನರನ್ನ 3ಡಿ ಸ್ಕ್ಯಾನರ್‌ನಲ್ಲಿ ಅಳೆಯೋದು, ಅದರಲ್ಲಿ ಬೆಂಗಳೂರೂ ಒಂದು. ಪ್ರಪಂಚಕ್ಕೆ ಬಟ್ಟೆ ಹೊಲಿದು ಕಳಿಸೋ ಊರಲ್ಲಿ ನಮ್ಮ ಮೈ ಅಳೆಯೋಕೆ ಇಷ್ಟು ವರ್ಷ ಬೇಕಾಯ್ತು ಅನ್ನೋದು ನನಗೆ ಸ್ವಲ್ಪ ಉರಿಯೋ ವಿಷಯ, ಇರಲಿ.

ನೀವು ಮಾಡಬೇಕಾದ್ದು: ನಿಮಗೆ ಚೆನ್ನಾಗಿ ಕೂರೋ ಒಂದು ಕುರ್ತಿಯನ್ನ ಮನೆಯಲ್ಲಿ ನೆಲದ ಮೇಲೆ ಹಾಸಿ ಅಳೆಯಿರಿ. ಮೈ ಅಳೆಯೋದಲ್ಲ, ಬಟ್ಟೆ ಅಳೆಯೋದು. ಕಂಕುಳಿಂದ ಕಂಕುಳಿಗೆ, ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳಿನ ಅಗಲ. ಫೋನಲ್ಲಿ ಬರೆದಿಟ್ಟುಕೊಳ್ಳಿ, ಬ್ಯಾಗಲ್ಲಿ ಟೇಪು ಇರಲಿ. ಅಂಗಡಿಯಲ್ಲಿ "ನನಗೆ ಯಾವ ಸೈಜ್ ಆಗುತ್ತೆ" ಅಂತ ಕೇಳಲೇಬೇಡಿ, ಆ ಪ್ರಶ್ನೆಗೆ ಅವರು ನಿಮ್ಮನ್ನ ಮೇಲಿಂದ ಕೆಳಗೆ ನೋಡಿ ಊಹೆ ಹೊಡೀತಾರೆ. ಎಂ, ಎಲ್, ಎಕ್ಸೆಲ್ ಮೂರೂ ತೆಗೆಸಿ, ನೀವೇ ಹಾಸಿ ನೋಡಿ. ನಡುವೆ ಇದ್ದರೆ ದೊಡ್ಡದನ್ನೇ ತಗೊಳ್ಳಿ. ಪಕ್ಕದ ಹೊಲಿಗೆ ಹಿಡಿಸೋದು ಆಲ್ಟ್ರೇಶನ್ ಟೈಲರ್‌ಗೆ ಹತ್ತು ನಿಮಿಷದ ಕೆಲಸ. ಬಿಡಿಸಬೇಕು ಅಂದರೆ ಹೊಲಿಗೆಯ ಒಳಗೆ ಮಾರ್ಜಿನ್, ಅಂದರೆ ಹೆಚ್ಚುವರಿ ಬಟ್ಟೆ, ಇರಬೇಕು, ಈಗಿನ ರೆಡಿಮೇಡ್‌ನಲ್ಲಿ ಓವರ್‌ಲಾಕ್ ಅನ್ನೋ ಅಂಚಿನ ಹೊಲಿಗೆ ಹೊಡೆದು ಅಂಚು ಕೊಯ್ದಿರ್ತಾರೆ. ಭುಜ ಜಾರುತ್ತಿದ್ದರೆ ಮಾತ್ರ ಆ ಬಟ್ಟೆ ಬೇಡ, ಅದನ್ನ ಸರಿಮಾಡೋ ಖರ್ಚಿಗೆ ಹೊಸದೇ ಹೊಲಿಸಬಹುದು.

ದೂರಿನ ವಿಷಯ. ಮೈ ಬಗ್ಗೆ ಮಾತಾಡಿದ್ದಕ್ಕೆ ಮ್ಯಾನೇಜರ್‌ಗೆ ಖಂಡಿತ ಹೇಳಿ, ಆ ಹುಡುಗಿಯ ಕೆಲಸಕ್ಕೆ ಕುತ್ತು ಬರದ ಹಾಗೆ ಹೇಳಿ. ಸೈಜ್ ಬಗ್ಗೆ ಅವನಿಗೆ ಹೇಳಿ ಪ್ರಯೋಜನ ಇಲ್ಲ, ಅವನ ಕೈಲಿ ಏನೂ ಇಲ್ಲ. ಸೈಜ್ ಆಗಲಿಲ್ಲ ಅಂದ ಮಾತ್ರಕ್ಕೆ ಅದು ದೋಷಪೂರಿತ ಮಾಲು ಆಗಲ್ಲ, ದುಡ್ಡು ವಾಪಸ್ ಕೇಳೋ ಹಕ್ಕೂ ಬರಲ್ಲ. ಟ್ಯಾಗ್‌ನಲ್ಲಿ ಬಟ್ಟೆಯದ್ದೇ ಅಳತೆ ಅಂತ ಬರೆದಿದ್ದು ಒಂದು, ಇರೋದು ಇನ್ನೊಂದು ಆದರೆ ಮಾತ್ರ ವಾದಕ್ಕೆ ಜಾಗ ಇದೆ, ಆಗ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಿಕ್ಕಂತೆ ಟ್ಯಾಗ್ ಮೇಲಿರೋ ಇಮೇಲ್‌ಗೆ, ಬಟ್ಟೆ ಮೇಲೆ ಟೇಪು ಇಟ್ಟ ಫೋಟೋ ಸಮೇತ, ತೋಳು ಇಷ್ಟಿದೆ, ಎಕ್ಸೆಲ್‌ಗೆ ಸಾಲಲ್ಲ ಅಂತ ಬರೆಯಿರಿ. ಯಾರು ಓದ್ತಾರೆ ಅನ್ನಬೇಡಿ. ಗಿರಾಕಿಗಳ ದೂರು ಬಂದಿದೆ ಅಂತ ಒಬ್ಬ ಬಯರ್ ಮುಂದಿನ ಸೀಸನ್‌ಗೆ ತೋಳಿನ ಸುತ್ತು ಅರ್ಧ ಇಂಚು ಹೆಚ್ಚಿಸಿ ಕಳಿಸಿದ ಶೀಟ್ ಹಿಡಿದು ನಾನೇ ಅಳೆದಿದ್ದೀನಿ. ಟ್ಯಾಗ್‌ನಲ್ಲಿರೋ ಸ್ಟೈಲ್ ನಂಬರ್ ಮಾತ್ರ ಮರೀದೆ ಹಾಕಿ, ಅದಿಲ್ಲದಿದ್ದರೆ ಯಾವ ಕುರ್ತಿ ಅಂತ ಅವರಿಗೇ ಗೊತ್ತಾಗಲ್ಲ.