ಹಳೆಯ ಪ್ಲಾಸ್ಮಾ ಟಿ.ವಿ.ಯೋ, ಹೊಸ ಎಲ್‌ಸಿಡಿಯೋ?

ಸ್ನೇಹಿತರು ಮಾರುತ್ತಿರುವ 42 ಇಂಚಿನ ಪ್ಲಾಸ್ಮಾ ಟಿ.ವಿ.ಯ ಚಿತ್ರ ಹೊಸ ಎಲ್‌ಸಿಡಿಗಿಂತ ಚೆನ್ನಾಗಿರುತ್ತದೆಯೇ ಎಂದು ಕೇಳಿದ್ದೀರಿ. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವುದಾದರೆ ಹೌದೆನ್ನುತ್ತೇನೆ: ಪ್ಲಾಸ್ಮಾದಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ರಾತ್ರಿಯ ದೃಶ್ಯದ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಸಾಮಾನ್ಯ ಎಲ್‌ಸಿಡಿಯಲ್ಲಿ ಹಿಂಬದಿಯ ದೀಪದ ಬೆಳಕು ಸೋರಿ ಅದೇ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ಪಕ್ಕದಿಂದ ನೋಡಿದರಂತೂ ಇನ್ನಷ್ಟು ಪೇಲವವಾಗುತ್ತದೆ. ಬೌಂಡರಿಯತ್ತ ಓಡುವ ಚೆಂಡು ಕೂಡ ಪ್ಲಾಸ್ಮಾದಲ್ಲಿ ಮಸುಕಾಗುವುದು ಕಡಿಮೆ. ಆದರೆ ನಿಮ್ಮ ಹಾಲ್‌ನಲ್ಲಿ ಟಿ.ವಿ.ಗೆ ಎದುರಾಗಿಯೇ ಕಿಟಕಿ ಇರುವುದರಿಂದ, ಹಗಲಿನಲ್ಲಿ ಅದರ ಗಾಜಿನ ಮೇಲೆ ಆಟಕ್ಕಿಂತ ಕಿಟಕಿಯೇ ಹೆಚ್ಚು ಕಂಡೀತು. ಪ್ಯಾನಾಸೋನಿಕ್ 2013ರ ಕೊನೆಗೆ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ತಯಾರಿಕೆ ನಿಲ್ಲಿಸಿರುವುದರಿಂದ ಬಿಡಿಭಾಗಗಳೂ ದುರ್ಲಭ. ಕೊಳ್ಳುವ ಮುನ್ನ ಪೂರ್ತಿ ಬಿಳಿಯ ಚಿತ್ರವೊಂದನ್ನು ಹಾಕಿಸಿ, ಮೂಲೆಯಲ್ಲಿ ಸುದ್ದಿವಾಹಿನಿಯ ಲಾಂಛನದ ಅಚ್ಚು ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಬೇಡವೆನ್ನಿ.