ಬಾಲವಿಲ್ಲದ ಮೀನು, ಕಣ್ಣಿಲ್ಲದ ಮೀನು: ಗಾಳಕ್ಕೆ ಬಿದ್ದಾಗ ಏನು ನೋಡಬೇಕು?

ಪ್ರಶ್ನೆ: ನದಿಯಲ್ಲಿ ಗಾಳ ಹಾಕಿದಾಗ ಬಾಲದ ರೆಕ್ಕೆಯೇ ಇಲ್ಲದ ಗೆಂಡೆ ಮೀನು ಸಿಕ್ಕಿತು. ಮೈತುಂಬಿಕೊಂಡಿತ್ತು, ಎಳೆದಾಟವೂ ಜೋರಾಗಿತ್ತು. ಹುಟ್ಟಿನಿಂದಲೇ ಹೀಗೋ, ಯಾವುದಾದರೂ ಪ್ರಾಣಿ ಕಚ್ಚಿದ್ದೋ? ಬಾಲ ಮತ್ತೆ ಬೆಳೆಯುತ್ತದೆಯೇ?

ಉತ್ತರ: ಮೊದಲು ಮೊಂಡಾದ ತುದಿಯ ಸುತ್ತಲಿನ ಹುರುಪೆಗಳನ್ನು ನೋಡಿ. ಹುಟ್ಟಿನಿಂದ ಬಂದ ಕೊರತೆಯಾದರೆ ಹುರುಪೆಗಳ ಸಾಲು ಸಾಮಾನ್ಯವಾಗಿ ತುದಿಯವರೆಗೂ ಕ್ರಮವಾಗಿಯೇ ಇರುತ್ತದೆ. ಗಾಯವಾಗಿ ಮಾಯ್ದಿದ್ದರೆ ಸಾಲು ಕದಡಿರುತ್ತದೆ, ಹುರುಪೆಗಳು ಒಂದೊಂದು ಒಂದೊಂದು ಗಾತ್ರ, ಚರ್ಮ ಅಲ್ಲಲ್ಲಿ ಕಪ್ಪಾಗಿರುತ್ತದೆ. ಅನುಮಾನ ಉಳಿದರೆ ಅಲ್ಲಿನ ಒಂದು ಹುರುಪೆ ಕಿತ್ತು, ತೊಳೆದು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೂಲ ಹುರುಪೆಯಲ್ಲಿ ನಡುವಿನಿಂದಲೇ ಉಂಗುರದಂಥ ಗೆರೆಗಳಿರುತ್ತವೆ. ಕಳೆದುಕೊಂಡ ಮೇಲೆ ಬೆಳೆದ ಹುರುಪೆಯ ನಡುಭಾಗ ಖಾಲಿ, ಗೆರೆಗಳು ಅಂಚಿನ ಕಡೆ ಮಾತ್ರ. ಮೀನಿನ ವಯಸ್ಸು ಎಣಿಸುವವರು ಇಂಥ ಹುರುಪೆಯನ್ನು ಬಳಸದಿರುವುದು ಇದೇ ಕಾರಣಕ್ಕೆ.

ಬಾಲ ಬೆಳೆಯುವುದು ಎಲ್ಲಿ ತುಂಡಾಯಿತು ಎಂಬುದರ ಮೇಲೆ ನಿಂತಿದೆ. ರೆಕ್ಕೆಯ ಕಡ್ಡಿಗಳು ಅರ್ಧಕ್ಕೆ ಹರಿದಿದ್ದರೆ ಮತ್ತೆ ಬೆಳೆಯುತ್ತವೆ. ಹೊಸ ಕಡ್ಡಿಗಳು ಕೊಂಚ ಸೊಟ್ಟಗಿರಬಹುದು, ಬಣ್ಣವೂ ಬೇರೆಯಾಗಿರಬಹುದು. ಕಡ್ಡಿಗಳಿಗೆ ಆಧಾರವಾದ ಬುಡದ ಮೂಳೆಯೇ ಹೋಗಿದ್ದರೆ ಬೆಳೆಯುವುದಿಲ್ಲ. ಚರ್ಮ ಮುಚ್ಚಿಕೊಂಡು ಮೊಂಡಾಗಿಯೇ ಉಳಿಯುತ್ತದೆ. ಕೆಲವು ಮೀನುಗಳಲ್ಲಿ ಬೆನ್ನಿನ ಮತ್ತು ಗುದದ ರೆಕ್ಕೆಗಳ ಹಿಂಭಾಗ ಚಾಚಿಕೊಂಡು ಸ್ವಲ್ಪಮಟ್ಟಿಗೆ ಬಾಲದ ಕೆಲಸ ಮಾಡುವುದುಂಟು. ಗೆಂಡೆ ತಳದ ಕೆಸರು ಕೆದಕಿ ತಿನ್ನುವ ಮೀನು. ಬೇಟೆಯ ಹಿಂದೆ ಓಡಬೇಕಿಲ್ಲದ್ದರಿಂದ ದಿಢೀರ್ ವೇಗ ಕಳೆದುಕೊಂಡರೂ ಬದುಕುತ್ತದೆ. ಓಡಿಸಿ ಹಿಡಿಯುವ ಮೀನಿಗೆ ಇಂಥದೇ ಗಾಯವಾದರೆ ಹೊಟ್ಟೆ ತುಂಬುವುದೇ ಕಷ್ಟ.

‘ಮೈತುಂಬಿಕೊಂಡಿತ್ತು’ ಎಂಬುದನ್ನು ಲೆಕ್ಕ ಹಾಕಿ ಹೇಳಲು ಹೊರಟರೆ ಒಂದು ಎಚ್ಚರಿಕೆ. ಗ್ರಾಂನಲ್ಲಿರುವ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸುವ ಸೂತ್ರವೊಂದಿದೆ. 40 ಸೆಂ.ಮೀ. ಉದ್ದ, 640 ಗ್ರಾಂ ತೂಕದ ಮೀನಿಗೆ ಉತ್ತರ 1.0. ಅದೇ ಮೀನು ಬಾಲ ಕಳೆದುಕೊಂಡು 34 ಸೆಂ.ಮೀ. ಆಗಿ, ತೂಕ ಅಷ್ಟೇ ಇದ್ದರೆ ಉತ್ತರ 1.6 ದಾಟುತ್ತದೆ. ಮೀನು ದಪ್ಪಗಾಗಿಲ್ಲ, ಅಳತೆ ಗಿಡ್ಡವಾಗಿದೆ ಅಷ್ಟೇ. ಹಾಗಾಗಿ ಬರೆದಿಡುವಾಗ ‘ಬಾಲವಿಲ್ಲ’ ಎಂದು ಸೇರಿಸಿ, ಎರಡೂ ಮಗ್ಗುಲಿನ ಚಿತ್ರ ತೆಗೆಯಿರಿ. ಮೀನು ಬಡಕಲೋ ಅಲ್ಲವೋ ತಿಳಿಯಲು ತಲೆಯ ಹಿಂದಿನ ಬೆನ್ನು ನೋಡಿದರೆ ಸಾಕು: ಅಲ್ಲಿ ಗುಳಿ ಬಿದ್ದಿದ್ದರೆ ಹಸಿದ ಮೀನು.

ಕಚ್ಚಿದವರು ಯಾರೆಂಬುದು ಹಳೆಯ ಗಾಯದಲ್ಲಿ ಹೇಳುವುದು ಕಷ್ಟ, ಹೊಸದರಲ್ಲಿ ಸುಲಭ. ಬಕ ಮೇಲಿನಿಂದ ತಿವಿಯುವುದರಿಂದ ಬೆನ್ನಿನಲ್ಲಿ ಆಳವಾದ ತೂತು. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತಿರುವುದರಿಂದ ಒಂದು ಮಗ್ಗುಲಲ್ಲಿ ಹರಿದ ಗಾಯ, ಇನ್ನೊಂದು ಮಗ್ಗುಲಲ್ಲಿ ಬರೀ ತರಚು. ದೋಣಿಯ ಪ್ರೊಪೆಲ್ಲರ್ ಸಮಾನಾಂತರ ಕೊಯ್ತ ಬಿಡುತ್ತದೆ. ಕಿವಿರಿನ ಹಿಂದೆ ಮೈಸುತ್ತ ಗೆರೆಯಿದ್ದರೆ ಬಲೆಯ ಕಣ್ಣಿನಿಂದ ತಪ್ಪಿಸಿಕೊಂಡ ಮೀನು. ಮೇಲ್ದವಡೆಯ ತೆಳು ಮೂಳೆ ಒಂದು ಬದಿಯಲ್ಲಿ ಇಲ್ಲದಿದ್ದರೆ, ಹಿಂದೊಮ್ಮೆ ಗಾಳ ಕೀಳುವಾಗ ಆದ ಹಾನಿಯೆಂದು ಶಂಕಿಸಬಹುದು. ಇದು ನಮ್ಮ ಕೈಯಿಂದಲೇ ಆಗುವ ಗಾಯ. ಬಾಯಿಗೆ ನೀರನ್ನು ಸೆಳೆದು ತಿನ್ನುವ ಮೀನಿಗೆ ದವಡೆ ಹರಿದರೆ ಆ ಸೆಳೆತವೇ ಕುಗ್ಗುತ್ತದೆ. ಗಾಳದ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟ ಮಾಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಪ್ರಶ್ನೆ: ಗಾಯವಿರುವ ಮೀನನ್ನು ತಿನ್ನಬಹುದೇ? ಬಿಡುವುದಾದರೆ ಗಾಯಕ್ಕೆ ಔಷಧಿ ಹಚ್ಚಬೇಕೇ?

ಉತ್ತರ: ಪೂರ್ತಿ ಮಾಯ್ದ ಗಾಯವಾದರೆ ಗಟ್ಟಿಯಾದ ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಚೆನ್ನಾಗಿ ಬೇಯಿಸಿ ತಿನ್ನಬಹುದು. ಕೆಂಪು ಹುಣ್ಣು, ಕೀವು, ಉಬ್ಬಿದ ಹೊಟ್ಟೆ, ಮಾಂಸದೊಳಗೆ ಗಂಟು ಕಂಡರೆ ಬೇಡ. ಒಂದೇ ಜಾಗದಲ್ಲಿ ಹಲವು ಮೀನುಗಳ ಮೈಮೇಲೆ ಆಳವಾದ ಕೆಂಪು ಹುಣ್ಣು ಕಂಡರೆ ಅದು ಕಡಿತದ ಗಾಯವಲ್ಲ, ರೋಗವೆಂದೇ ತಿಳಿದು ನಡೆದುಕೊಳ್ಳಿ. ಅಫನೋಮೈಸಿಸ್ ಇನ್ವಡಾನ್ಸ್ ಎಂಬ ನೀರಿನ ಬೂಷ್ಟು ಇಂಥ ಹುಣ್ಣು ತರುತ್ತದೆ. ಆ ಮೀನನ್ನಾಗಲಿ ನೀರನ್ನಾಗಲಿ ಇನ್ನೊಂದು ಕೆರೆಗೆ ಒಯ್ಯಬೇಡಿ, ಬಲೆಯನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಮೀನುಗಾರಿಕೆ ಇಲಾಖೆಗೆ ಚಿತ್ರಸಹಿತ ತಿಳಿಸಿ.

ನಿಮ್ಮ ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿ. ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾ ಸೋಂಕಿದರೆ ಸಾಮಾನ್ಯವಾಗಿ 2ರಿಂದ 4 ವಾರದ ನಂತರ ಬೆರಳಲ್ಲಿ ಗಂಟು ಕಾಣಿಸುತ್ತದೆ. ಆಗ ವೈದ್ಯರಿಗೆ ಮೀನು ಮುಟ್ಟಿದ್ದನ್ನು ಹೇಳದಿದ್ದರೆ ಕಾರಣ ಹೊಳೆಯುವುದು ತಡವಾಗುತ್ತದೆ.

ಬಿಡುವ ಮೀನಿಗೆ ಔಷಧಿ ಹಚ್ಚಬೇಡಿ. ಸಣ್ಣ ಗಾಯವನ್ನು ಬೆಚ್ಚನೆಯ ನೀರಿನಲ್ಲಿ ಅಕ್ಕಪಕ್ಕದ ಚರ್ಮಕೋಶಗಳು ಒಂದು ದಿನದೊಳಗೇ ಜಾರಿ ಬಂದು ಮುಚ್ಚಬಲ್ಲವು. ತಣ್ಣೀರಿನಲ್ಲಿ ಇದು ನಿಧಾನ. ಅಪಾಯವಿರುವುದು ಲೋಳೆ ಹೋದ ಕಡೆ. ಅಲ್ಲಿಂದ ಸಿಹಿನೀರಿನ ಮೀನಿನ ಮೈಯ ಲವಣ ಸೋರುತ್ತದೆ, ನೀರು ಒಳಗೆ ನುಗ್ಗುತ್ತದೆ, ಹತ್ತಿಯಂಥ ಬಿಳಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡೇ ಹಿಡಿಯಿರಿ, ಬಟ್ಟೆಯಿಂದ ಹಿಡಿಯಬೇಡಿ. ಸಾಧ್ಯವಾದರೆ ನೀರಿನೊಳಗೇ ಗಾಳ ಬಿಡಿಸಿ. ಮೇಲೆತ್ತಲೇಬೇಕಾದರೆ 10 ಸೆಕೆಂಡಿನೊಳಗೆ ಮುಗಿಸಿ. ಗಾಳ ಗಂಟಲಲ್ಲಿ ಇಳಿದಿದ್ದರೆ ಎಳೆಯದೆ ದಾರವನ್ನು ಹತ್ತಿರದಲ್ಲೇ ಕತ್ತರಿಸಿ. ದವಡೆ ಹರಿದ ಮೀನನ್ನು ಬಾಯಿ ಹಿಡಿದು ನೇತಾಡಿಸುವುದಂತೂ ಬೇಡವೇ ಬೇಡ.

ಪ್ರಶ್ನೆ: ಎರಡೂ ಕಣ್ಣು ಹೋದ ಮೀನು ಉಳಿದವಕ್ಕಿಂತ ಕಪ್ಪಗಿತ್ತು. ಏಕೆ?

ಉತ್ತರ: ಹಲವು ಮೀನುಗಳು ಕಣ್ಣಿಗೆ ಬೀಳುವ ಬೆಳಕಿಗೆ ತಕ್ಕಂತೆ ಮೈಬಣ್ಣ ಹೊಂದಿಸಿಕೊಳ್ಳುತ್ತವೆ. ಕಣ್ಣಿಲ್ಲದಿದ್ದರೆ ಆ ಸೂಚನೆ ಬರುವುದಿಲ್ಲ, ಮೈ ಕಪ್ಪಾಗಿಯೇ ಉಳಿಯುತ್ತದೆ. ವಾಸನೆಯಿಂದ, ಮತ್ತು ನೀರಿನ ಅಲುಗಾಟ ಗ್ರಹಿಸುವ ಪಾರ್ಶ್ವರೇಖೆಯಿಂದ ಆಹಾರ ಹುಡುಕಿಕೊಳ್ಳುತ್ತದೆ. ಅಂಥ ಮೀನು ನಿಮ್ಮ ಗಾಳ ಕಚ್ಚಿದ್ದೂ ಹಾಗೆಯೇ.